ಮೆಟ್ಟಿಲ ಮೂಲೆಯ ದೇವರು

ಮುಂಬಯಿಯ ಫೋರ್ಟಿನಲ್ಲಿ ನಮ್ಮ ಕಚೇರಿ ಇರುವುದು ಬ್ರಿಟಿಷರ ಕಾಲದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇದೆ, ಆದರೆ ಅದು ತನಗೆ ಮನಸ್ಸಾದ ದಿನ ಮಾತ್ರ ಮೇಲೇರುತ್ತದೆ. ಉಳಿದ ದಿನ ಮರದ ಮೆಟ್ಟಿಲೇ ಗತಿ. ಮೆಟ್ಟಿಲು ತಿರುಗುವ ಮೂಲೆಗಳೆಲ್ಲ ಎಷ್ಟೋ ವರ್ಷಗಳ ಪಾನ್ ಮತ್ತು ಗುಟ್ಕಾದ ಉಗುಳಿನಿಂದ ಕೆಂಪಗಾಗಿದ್ದವು. 'ಇಲ್ಲಿ ಉಗುಳಬಾರದು' ಎಂದು ಮೂರು ಭಾಷೆಗಳಲ್ಲಿ ಬರೆಸಿದ್ದಾಯಿತು. ಉಗುಳು ಆ ಅಕ್ಷರಗಳ ಮೇಲೆಯೇ ಬಿತ್ತು. ಕೊನೆಗೆ ಮೇಲ್ವಿಚಾರಕರು ಮುಂಬಯಿಯ ಹಳೆಯ ಮದ್ದನ್ನೇ ಅರೆದರು. ಮೊಣಕಾಲೆತ್ತರದಲ್ಲಿ ಸಾಲಾಗಿ ದೇವರ ಟೈಲ್ಸ್ ಅಂಟಿಸಿದರು: ಗಣಪತಿ, ಶಿರಡಿಯ ಸಾಯಿಬಾಬಾ, ಕಾಬಾ, ಶಿಲುಬೆ, ಗುರುನಾನಕ್. ಯಾರಿಗೂ ತಪ್ಪಿಸಿಕೊಳ್ಳಲು ದಾರಿ ಇರಬಾರದು ನೋಡಿ.

ಮರುದಿನದಿಂದಲೇ ಮೂಲೆ ಶುಭ್ರ. ಆದರೆ ಮೂರು ವಾರ ಕಳೆಯುವುದರೊಳಗೆ, ಎರಡಡಿ ಆಚೆ ತೂಗುಹಾಕಿದ್ದ ಬೆಂಕಿ ಆರಿಸುವ ಮರಳಿನ ಬಕೆಟ್ಟು ತುಂಬತೊಡಗಿತು. ಬಕೆಟ್ಟಿಗೆ ಮೊದಲೇ ಕೆಂಪು ಬಣ್ಣ ಬಳಿದಿದ್ದರಿಂದ ಯಾರಿಗೂ ಬೇಗ ಗೊತ್ತಾಗಲಿಲ್ಲ.

ಈ ಸಂಗತಿಯನ್ನು ಕೆಳಗಿನ ಉಡುಪಿ ಹೋಟೆಲಿನ ಶೆಟ್ಟರಿಗೆ ಹೇಳಿದೆ. "ಬಕೆಟ್ಟಿನ ಮೇಲೂ ಒಂದು ದೇವರನ್ನು ಅಂಟಿಸಿ. ದೇವರ ಭಯ ಇಲ್ಲದವನನ್ನು ನಾನು ಗಲ್ಲಾದಲ್ಲಿ ಕೂರಿಸುವುದಿಲ್ಲ ಮಾರಾಯರೇ" ಎಂದರು. ಅವರ ಗಲ್ಲಾದ ಮೇಲೆ ಉಡುಪಿ ಕೃಷ್ಣನ ಪಟ, ಪಟಕ್ಕೊಂದು ಪುಟ್ಟ ಕೆಂಪು ದೀಪ. ಅದರ ಪಕ್ಕದಲ್ಲೇ ಸಿಸಿಟಿವಿ ಕ್ಯಾಮೆರಾ. ನಾನು ಕ್ಯಾಮೆರಾದ ಕಡೆ ನೋಡಿದೆ. ಶೆಟ್ಟರು ನಕ್ಕರು: "ಅದು ಕೃಷ್ಣ ಕಣ್ಣು ಮುಚ್ಚಿದಾಗ."

ಶೆಟ್ಟರ ಮಾತು ಈ ದೇಶದ ಬಹುಮತದ ಮಾತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 34 ದೇಶಗಳಲ್ಲಿ ಕೇಳಿದ ಪ್ರಶ್ನೆ ಇದೇ: ಒಳ್ಳೆಯವನಾಗಿರಲು ದೇವರಲ್ಲಿ ನಂಬಿಕೆ ಬೇಕೇ? ಭಾರತದಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಹೌದು ಎಂದರು. ಸ್ವೀಡನ್ನಿನಲ್ಲಿ ಹತ್ತರಲ್ಲಿ ಒಬ್ಬರು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕಿಂತ ಸ್ವಾರಸ್ಯದ್ದು. ಭಾರತವೂ ಸೇರಿದಂತೆ 13 ದೇಶಗಳ ಜನರ ಮುಂದೆ ಒಬ್ಬ ಕ್ರೂರ ಕೊಲೆಗಾರನ ವರ್ಣನೆ ಇಟ್ಟು, ಇವನು ಯಾರಿರಬಹುದು ಎಂದು ಸುತ್ತುಬಳಸಿ ಕೇಳಲಾಯಿತು. ಆಸ್ತಿಕನಿರಬೇಕು ಎಂಬ ಊಹೆಗಿಂತ ನಾಸ್ತಿಕನಿರಬೇಕು ಎಂಬ ಊಹೆ ಸರಿಸುಮಾರು ಇಮ್ಮಡಿಯಾಗಿತ್ತು. ಹಾಗೆ ಊಹಿಸಿದವರಲ್ಲಿ ನಾಸ್ತಿಕರೂ ಇದ್ದರು! ತಮ್ಮ ಜಾತಿಯವರನ್ನೇ ನಂಬದಷ್ಟು ಆಳಕ್ಕೆ ಈ ಅನುಮಾನ ಇಳಿದಿದೆ.

ಹಾಗಾದರೆ ಟೈಲ್ಸ್ ಕೆಲಸ ಮಾಡುತ್ತದೆಯೇ? ಒಂದು ಮಟ್ಟಿಗೆ ಮಾಡುತ್ತದೆ, ಅದನ್ನು ಒಪ್ಪಲೇಬೇಕು. ಮೊರಾಕ್ಕೋದ ಮರಾಕೆಶ್ ಊರಿನ ಹಳೆಯ ಪೇಟೆಯಲ್ಲಿ ಅಂಗಡಿಯವರ ಮೇಲೆ ನಡೆದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಹಣವನ್ನು ತಮಗೇ ಇಟ್ಟುಕೊಳ್ಳಬಹುದು, ಇಲ್ಲವೇ ಅದಕ್ಕಿಂತ ಹೆಚ್ಚು ಹಣ ದಾನಕ್ಕೆ ಹೋಗುವ ಆಯ್ಕೆಯನ್ನು ಮಾಡಬಹುದು. ಮಸೀದಿಯಿಂದ ಆಜಾನ್ ಕೇಳುತ್ತಿರುವಾಗ ಕೇಳಿದರೆ ಎಲ್ಲರೂ ದಾನದ ಆಯ್ಕೆಯನ್ನೇ ಆರಿಸಿಕೊಂಡರು. ಆಜಾನ್ ಇಲ್ಲದ ಹೊತ್ತಿನಲ್ಲಿ ಹತ್ತರಲ್ಲಿ ಆರು ಮಂದಿ. ಅಂಗಡಿಯವರ ನಂಬಿಕೆ ಎರಡೂ ಹೊತ್ತಿನಲ್ಲಿ ಅಷ್ಟೇ ಇತ್ತಲ್ಲವೇ? ನೆನಪು ಮಾತ್ರ ಹೆಚ್ಚು ಕಡಿಮೆಯಾಗಿತ್ತು.

ಆ ನೆನಪಿಗೆ ದೇವರೇ ಬೇಕೆಂದೇನೂ ಇಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ, ಚಹಾ ಕಾಫಿ ಮಾಡಿಕೊಂಡವರು ತಾವಾಗಿಯೇ ಡಬ್ಬಿಗೆ ಕಾಸು ಹಾಕಬೇಕಿತ್ತು. ಸಂಶೋಧಕರು ದರಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಮರುವಾರ ಮನುಷ್ಯನ ಕಣ್ಣುಗಳ ಚಿತ್ರ ಅಂಟಿಸುತ್ತ ಹೋದರು. ಖರ್ಚಾದ ಹಾಲಿನ ಲೆಕ್ಕಕ್ಕೆ ಹೋಲಿಸಿದರೆ, ಕಣ್ಣುಗಳಿದ್ದ ವಾರಗಳಲ್ಲಿ ಡಬ್ಬಿಗೆ ಬಿದ್ದ ಹಣ ಸುಮಾರು ಮೂರು ಪಟ್ಟು. ಇದು 2006ರ ಮಾತು. ಮರುವರ್ಷ ಕೆನಡಾದಲ್ಲಿ ಇಬ್ಬರು ಮನೋವಿಜ್ಞಾನಿಗಳು ಜನರಿಗೆ ಪದಗಳ ಒಗಟು ಬಿಡಿಸಲು ಕೊಟ್ಟು, ಆಮೇಲೆ ಹತ್ತು ಡಾಲರ್ ಕೈಗಿತ್ತು, ಅಪರಿಚಿತನಿಗೆ ಎಷ್ಟು ಬೇಕಾದರೂ ಬಿಡಿ ಎಂದರು. ದೇವರು, ಆತ್ಮ, ಪವಿತ್ರ ಎಂಬಂಥ ಪದಗಳು ಒಗಟಿನಲ್ಲಿದ್ದರೆ ಜನ ಹೆಚ್ಚು ಬಿಟ್ಟರು. ಆದರೆ ಪೊಲೀಸ್, ನ್ಯಾಯಾಲಯ, ಕರಾರು ಎಂಬ ಪದಗಳಿದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟರು. ಶೆಟ್ಟರ ಕೃಷ್ಣನೂ ಕ್ಯಾಮೆರಾವೂ ಅಕ್ಕಪಕ್ಕದಲ್ಲಿ ಇರುವುದು ಸುಮ್ಮನೆ ಅಲ್ಲ. ಅಂದಹಾಗೆ, ಕೆನಡಾದ ಪ್ರಯೋಗವನ್ನು ಬೇರೆಯವರು ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ. ಕಣ್ಣಿನ ಚಿತ್ರದ ಮಹಿಮೆಯೂ ಎಲ್ಲ ಕಡೆ ಕಾಣಿಸಿಲ್ಲ. ಹೀಗೆ ಎರಡನೆಯ ಸಲ ಕೈಕೊಡುವುದು ಮನೋವಿಜ್ಞಾನದ ಪ್ರಯೋಗಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಒಂದೇ ಪ್ರಯೋಗದ ಮೇಲೆ ಮನೆ ಕಟ್ಟಬಾರದು.

ಇದ್ದುದರಲ್ಲಿ ಗಟ್ಟಿಯಾದದ್ದು 2016ರ ಅಧ್ಯಯನ. ಸೈಬೀರಿಯಾ, ಫಿಜಿ, ಮಾರಿಷಸ್, ಟಾಂಜಾನಿಯಾ ಮುಂತಾದ ಕಡೆಯ ಎಂಟು ಸಮುದಾಯಗಳ 591 ಜನರ ಮುಂದೆ ಎರಡು ಲೋಟ ಮತ್ತು ಮೂವತ್ತು ನಾಣ್ಯ ಇಡಲಾಯಿತು. ಒಂದು ಲೋಟ ತನಗೆ ಅಥವಾ ತನ್ನೂರಿನವರಿಗೆ, ಇನ್ನೊಂದು ಎಲ್ಲೋ ದೂರದ, ಆದರೆ ತನ್ನದೇ ದೇವರನ್ನು ನಂಬುವ ಅಪರಿಚಿತನಿಗೆ. ದಾಳ ಹೇಳಿದಂತೆ ನಾಣ್ಯ ಹಾಕಬೇಕು, ಆದರೆ ಯಾರೂ ನೋಡುವುದಿಲ್ಲ. ನಮ್ಮ ದೇವರು ಎಲ್ಲವನ್ನೂ ಬಲ್ಲ, ತಪ್ಪಿದರೆ ಶಿಕ್ಷಿಸುತ್ತಾನೆ ಎಂದು ಬಲವಾಗಿ ನಂಬಿದವರು ದೂರದವನ ಲೋಟಕ್ಕೆ ಹೆಚ್ಚು ನಾಣ್ಯ ಹಾಕಿದ್ದರು. ನೂರಿನ್ನೂರು ಜನರ ಹಳ್ಳಿಯಲ್ಲಿ ನೆರೆಯವರ ಕಣ್ಣೇ ಸಾಕು. ಲಕ್ಷಾಂತರ ಅಪರಿಚಿತರು ಒಟ್ಟಿಗೆ ಬದುಕುವಲ್ಲಿ ಮೇಲೊಂದು ಕಣ್ಣು ಉಪಯೋಗಕ್ಕೆ ಬಂದಿರಬೇಕು ಎಂಬ ವಾದಕ್ಕೆ ಇದರಿಂದ ಬಲ ಬಂತು. ಆದರೆ 'ತನ್ನದೇ ದೇವರನ್ನು ನಂಬುವ' ಎಂಬ ಮಾತನ್ನು ಮರೆಯಬಾರದು. ನಮ್ಮ ಮೇಲ್ವಿಚಾರಕರಿಗೆ ಇದು ಓದದೆಯೇ ಗೊತ್ತಿತ್ತು. ಅದಕ್ಕೇ ಐದು ಟೈಲ್ಸ್.

ಕಾವಲುಗಾರ ಇದ್ದಾನೆಂದು ಸಾಬೀತಾದರೆ ಮನೆ ಕಟ್ಟಿದವನೂ ಅವನೇ ಎಂದಾಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಎರಡು ವರ್ಷದ ಹಿಂದೆ ಒಂದು ಸಂಕಷ್ಟಿಯ ದಿನ ಪ್ರಭಾದೇವಿಯ ಸಿದ್ಧಿವಿನಾಯಕನ ದರ್ಶನ ಮುಗಿಸಿ ದಾದರಿಗೆ ಬಂದೆ. ಹೊಟ್ಟೆಯಲ್ಲಿ ಉಪವಾಸ, ಕೈಯಲ್ಲಿ ಪ್ರಸಾದದ ಲಡ್ಡು. ಪಾದಚಾರಿ ಸೇತುವೆಯ ಮೆಟ್ಟಿಲ ಮೇಲೆ ಒಬ್ಬ ಮುದುಕ ತಲೆ ಹಿಡಿದುಕೊಂಡು ಕುಸಿದು ಕೂತಿದ್ದ. ಕೆಳಗೆ ಫಾಸ್ಟ್ ಲೋಕಲ್ ಬಂದು ನಿಂತ ಸದ್ದು. ಅವನ ಚಪ್ಪಲಿಯೊಂದು ಎರಡು ಮೆಟ್ಟಿಲು ಕೆಳಗೆ ಬಿದ್ದಿತ್ತು. ಅದನ್ನು ತುಳಿಯದಂತೆ ಎಚ್ಚರವಹಿಸಿ ದಾಟಿದ್ದು ನನಗೆ ಚೆನ್ನಾಗಿ ನೆನಪಿದೆ. ಗಾಡಿ ಸಿಕ್ಕಿತು.

ನನ್ನಂಥವರನ್ನು ವಿಜ್ಞಾನ ಮೊದಲೇ ನೋಡಿದೆ. 1973ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಮಂದಿಯನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡುವಂತೆ ಕಳಿಸಲಾಯಿತು. ದಾರಿಯಲ್ಲಿ ಒಬ್ಬ ಕೆಮ್ಮುತ್ತ, ನರಳುತ್ತ ಬಾಗಿಲಿಗೊರಗಿ ಬಿದ್ದಿರುವಂತೆ ಏರ್ಪಾಟಾಗಿತ್ತು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಪರೋಪಕಾರಿಯ ಕುರಿತ ಬೈಬಲ್ಲಿನ ಕಥೆಯೇ! ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸ ಮಾಡಿದ್ದು ಅವಸರ. ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಾದರೆ, ತಡವಾಗಿದೆ ಓಡಿ ಎಂದು ಕಳಿಸಿದವರಲ್ಲಿ 10 ಮಂದಿ ಮಾತ್ರ. ಕೆಲವರು ಬಿದ್ದವನನ್ನು ದಾಟಿಯೇ ಹೋದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕ ಮತ್ತು ಕೆನಡಾದ 1,252 ಜನರ ಮೊಬೈಲಿಗೆ ದಿನಕ್ಕೆ ಐದು ಸಲ ಸಂದೇಶ ಕಳಿಸಿ, ಕಳೆದ ಒಂದು ಗಂಟೆಯಲ್ಲಿ ಏನಾದರೂ ಒಳ್ಳೆಯದೋ ಕೆಟ್ಟದ್ದೋ ಮಾಡಿದಿರಾ ಎಂದು ಕೇಳಿದಾಗಲೂ ಭಕ್ತರ ಲೆಕ್ಕಕ್ಕೂ ಉಳಿದವರ ಲೆಕ್ಕಕ್ಕೂ ಅಂತರ ಸಿಗಲಿಲ್ಲ.

ಒಳ್ಳೆಯತನದ ಮೂಲ ದೇವರ ಭಯಕ್ಕಿಂತ ಇನ್ನೂ ಹಳೆಯದಿರಬೇಕು. 1964ರ ಪ್ರಯೋಗವೊಂದರಲ್ಲಿ ರೀಸಸ್ ಕೋತಿಗಳು ಸರಪಳಿ ಎಳೆದರೆ ಆಹಾರ ಬೀಳುತ್ತಿತ್ತು, ಆದರೆ ಅದೇ ಹೊತ್ತಿಗೆ ಕಣ್ಣೆದುರಿನ ಇನ್ನೊಂದು ಕೋತಿಗೆ ವಿದ್ಯುತ್ ಆಘಾತವಾಗುತ್ತಿತ್ತು. ಒಂದು ಕೋತಿ 5 ದಿನ, ಇನ್ನೊಂದು 12 ದಿನ ಸರಪಳಿ ಮುಟ್ಟದೆ ಹಸಿದು ಕೂತವು. (ಆಘಾತ ಕೊಟ್ಟವರು ಮನುಷ್ಯರು ಎಂಬುದನ್ನೂ ಸೇರಿಸಿಯೇ ಓದಬೇಕು.) ಮನುಷ್ಯರ ಮಕ್ಕಳೂ ಏನೂ ಕಡಿಮೆಯಿಲ್ಲ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಟ್ಟೆ ಒಣಹಾಕುತ್ತಿದ್ದ ಅಪರಿಚಿತನ ಕೈಯಿಂದ ಕ್ಲಿಪ್ಪು ಜಾರಿದರೆ ಒಂದೂವರೆ ವರ್ಷದ ಮಕ್ಕಳು ತಪ್ಪುಹೆಜ್ಜೆ ಹಾಕುತ್ತ ಹೋಗಿ ಎತ್ತಿಕೊಟ್ಟವು. ಬೇಕೆಂದೇ ಎಸೆದರೆ ಎತ್ತಿಕೊಡುವುದು ಕಡಿಮೆ. 24 ಮಕ್ಕಳಲ್ಲಿ 22 ಮಕ್ಕಳು ಒಮ್ಮೆಯಾದರೂ ನೆರವಾದವು. ಆ ವಯಸ್ಸಿನಲ್ಲಿ ದೇವರ ಭಯ ಎಲ್ಲಿಯದು?

ನನ್ನ ಅಣ್ಣನ ಮನೆ ಡೊಂಬಿವಲಿಯಲ್ಲಿ. ಚಾತುರ್ಮಾಸ್ಯದಲ್ಲಿ ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಒಳಗೆ ಬರುವುದಿಲ್ಲ. ಏಳು ವರ್ಷದ ಮಗಳನ್ನು ಕೇಳಿದೆ: "ದೇವರೇ ಬಂದು ಈರುಳ್ಳಿ ತಿನ್ನಬಹುದು ಎಂದರೆ?" "ಹಾಗಾದರೆ ಪಾವ್ ಭಾಜಿ ತಿನ್ನಬಹುದು." "ತಮ್ಮನಿಗೆ ಹೊಡೆಯಬಹುದು ಎಂದರೆ?" ಸ್ವಲ್ಪ ಹೊತ್ತು ಯೋಚಿಸಿದಳು. "ಚಿಕ್ಕಪ್ಪ, ಹಾಗೆಂದರೆ ಅದು ದೇವರೇ ಅಲ್ಲ."

ಅಮೆರಿಕದ ಮನೋವಿಜ್ಞಾನಿಗಳಾದ ಲ್ಯಾರಿ ನೂಚಿ ಮತ್ತು ಎಲಿಯಟ್ ಟುರಿಯೆಲ್ ಕಟ್ಟಾ ಕ್ರೈಸ್ತ ಮತ್ತು ಯಹೂದಿ ಮನೆಗಳ ಮಕ್ಕಳನ್ನು ಇಂಥದ್ದೇ ಪ್ರಶ್ನೆ ಕೇಳಿ 1993ರಲ್ಲಿ ಬರೆದರು. ಪ್ರಾರ್ಥನೆ, ಉಡುಗೆ, ರಜೆಯ ದಿನದ ನಿಯಮಗಳು ದೇವರು ಹೇಳಿದ್ದರಿಂದ ಇವೆ, ಅವನು ಬದಲಿಸಿದರೆ ಬದಲಾಗುತ್ತವೆ ಎಂದ ಬಹುಪಾಲು ಮಕ್ಕಳೇ, ಕಳ್ಳತನ ಮತ್ತು ಹೊಡೆತ ಮಾತ್ರ ದೇವರೇ ಹೇಳಿದರೂ ತಪ್ಪು ಎಂದವು. ಒಳ್ಳೆಯದು ದೇವರಿಗೆ ಮೆಚ್ಚುಗೆ ಎಂದೇ ಒಳ್ಳೆಯದೋ, ಒಳ್ಳೆಯದೆಂದೇ ದೇವರಿಗೆ ಮೆಚ್ಚುಗೆಯೋ ಎಂದು ಪ್ಲೇಟೊ ಎತ್ತಿದ್ದ ಪ್ರಶ್ನೆಗೆ ಶಾಲೆಯ ಮಕ್ಕಳು ಕೊಟ್ಟ ಉತ್ತರ ಇದು.

ಕನ್ನಡದಲ್ಲಿ ಈ ಚರ್ಚೆಗೆ ಒಂದು ತೊಡಕೂ ಇದೆ. ನಮ್ಮ 'ಧರ್ಮ' ಎಂಬ ಒಂದೇ ಪದ ಮತವೂ ಹೌದು, ನೀತಿಯೂ ಹೌದು, ಭಿಕ್ಷೆಯೂ ಹೌದು. ಧರ್ಮದೇಟಿನವರೆಗೂ ಅದು ಹಬ್ಬಿದೆ. ಆದರೆ ದೇವರು ಮತ್ತು ಧರ್ಮವನ್ನು ಬಿಡಿಸಿ ನೋಡುವುದು ನಮಗೆ ಹೊಸದಲ್ಲ. ಜೈನರಿಗೆ ಸೃಷ್ಟಿಕರ್ತನೇ ಇಲ್ಲ, ಆದರೂ ಅಹಿಂಸೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಯಜ್ಞಯಾಗಗಳನ್ನೇ ಹಿಡಿದ ಹಳೆಯ ಮೀಮಾಂಸಕರು, ಕರ್ಮದ ಫಲ ಕೊಡಲು ಈಶ್ವರ ಬೇಕಿಲ್ಲ ಎಂದು ವಾದಿಸಿದರು. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿ, ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬ್ರಹ್ಮ ವಿಷ್ಣು ಮಹೇಶ್ವರರನ್ನು, ಗೌರಿ ಗಣಪತಿಯರನ್ನು ಪೂಜಿಸುವುದಿಲ್ಲ ಎಂಬುದೂ ಇದೆ. ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂಬುದೂ ಇದೆ.

ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಮಾವಶಿ ಆ ಪ್ರತಿಜ್ಞೆ ಮಾಡಿದ ಮನೆತನದವರು. ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ. ಪ್ರತಿವರ್ಷ ಡಿಸೆಂಬರ್ 6ರಂದು ಅಂಬೇಡ್ಕರರ ಸ್ಮಾರಕವಾದ ದಾದರಿನ ಚೈತ್ಯಭೂಮಿಗೆ ಹೋಗಲು ರಜೆ ಹಾಕುತ್ತಾರೆ. ಕಳೆದ ವಾರ ಮೆಟ್ಟಿಲು ಹತ್ತುವಾಗ ಅವರು ಒದ್ದೆ ಬಟ್ಟೆಯಲ್ಲಿ ಗಣಪತಿಯ ಟೈಲ್ಸ್ ಒರೆಸುತ್ತಿದ್ದರು.

"ಟೈಲ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತೇ ಮಾವಶಿ?" ಎಂದು ಕೇಳಿದೆ.

"ಎಲ್ಲಿ ಸಾಹೇಬರೇ? ಮೊದಲು ಗೋಡೆ ಒಂದಿತ್ತು. ಈಗ ಬಕೆಟ್ಟಿನ ಮರಳು ಬದಲಿಸಬೇಕು, ಇವರನ್ನೂ ಒರೆಸಬೇಕು" ಎಂದು, ಬಟ್ಟೆ ಹಿಂಡಿಕೊಂಡು ಸಾಯಿಬಾಬಾನ ಕಡೆ ಸರಿದರು.