ಗುಂಪಿನಲ್ಲಿ ಕೂರಿಸಿದರೆ ಸಾಕಾ? ಸಹಕಾರಿ ಕಲಿಕೆ ಓದುವವರಿಗೆ ಒಂದು ಟಿಪ್ಪಣಿ

ಬಿ.ಎಡ್. ಆಗಲಿ, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಆಗಲಿ, ಸಹಕಾರಿ ಕಲಿಕೆ ಅಂದ ತಕ್ಷಣ ನಾವೆಲ್ಲ ಬರೆಯುವುದು ಒಂದೇ ಸಾಲು: ಮಕ್ಕಳು ಗುಂಪಿನಲ್ಲಿ ಕಲಿಯುವುದು. ಅಷ್ಟು ಸಾಲದು. ನಾಲ್ವರನ್ನು ಬೆಂಚಿನ ಸುತ್ತ ಕೂರಿಸಿದರೆ ಒಬ್ಬಳು ಚಾರ್ಟ್ ಬರೆಯುತ್ತಾಳೆ, ಒಬ್ಬ ಬಣ್ಣ ಹಚ್ಚುತ್ತಾನೆ, ಉಳಿದಿಬ್ಬರು ಕಿಟಕಿಯಾಚೆ ನೋಡುತ್ತಾರೆ, ಕೊನೆಗೆ ನಾಲ್ವರಿಗೂ ಒಂದೇ ಮಾರ್ಕು. ಇದರಲ್ಲಿ ಯಾರಿಗೆ ಈ ಪಾಠ ನನ್ನದು ಅನ್ನಿಸಬೇಕು ಹೇಳಿ?

ಕಾಸರಗೋಡಿನವರಾದ ನಮಗೆ ಗುಂಪು ಚಟುವಟಿಕೆ ಹೊಸದಲ್ಲ. 1990ರ ದಶಕದಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಕ್ರಮ ತಂದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ) ಕೇರಳಕ್ಕೆ ಬಂದಾಗ ಮೊದಲ ಹಂತದ ಜಿಲ್ಲೆಗಳಲ್ಲಿ ನಮ್ಮದೂ ಇತ್ತು. ಹಾಗಾಗಿ ಗುಂಪು ಮಾಡಬೇಕಾ ಬೇಡವಾ ಅನ್ನುವ ಚರ್ಚೆ ಬಿಡಿ. ಗುಂಪಿಗೆ ಕೊಡುವ ಕೆಲಸ ಎಂಥದ್ದು ಅನ್ನುವುದನ್ನು ನೋಡಿ.

ಸಹಕಾರಿ ಕಲಿಕೆಗೆ ಅಮೆರಿಕದ ಶಿಕ್ಷಣ ಸಂಶೋಧಕರಾದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ಐದು ಅಂಶ ಹೇಳುತ್ತಾರೆ: ಧನಾತ್ಮಕ ಪರಸ್ಪರಾವಲಂಬನೆ, ವೈಯಕ್ತಿಕ ಹೊಣೆಗಾರಿಕೆ, ಮುಖಾಮುಖಿ ಮಾತುಕತೆ, ಸಾಮಾಜಿಕ ಕೌಶಲ, ಗುಂಪಿನ ಅವಲೋಕನ. ಐದನ್ನೂ ಬಾಯಿಪಾಠ ಮಾಡಿ, ಪರೀಕ್ಷೆಗೆ ಬೇಕು. ಆದರೆ ನನ್ನ ಪ್ರಕಾರ ಜೀವ ಇರುವುದು ಮೊದಲ ಎರಡರಲ್ಲಿ. ನೀನಿಲ್ಲದೆ ನನ್ನ ಕೆಲಸ ಮುಗಿಯಬಾರದು, ಆದರೆ ಕೊನೆಗೆ ಉತ್ತರ ಕೊಡುವಾಗ ನಾನು ಒಬ್ಬನೇ ನಿಲ್ಲಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಮೇಲೆ ಹೇಳಿದ ಚಾರ್ಟಿನ ಕಥೆಯೇ.

ಮಕ್ಕಳು ಸೋಮಾರಿಗಳು ಅಂತ ಬೈದು ಪ್ರಯೋಜನವಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದೊಡ್ಡವರೇ ಹಗ್ಗ ಎಳೆದದ್ದು. ಜನ ಜಾಸ್ತಿಯಾದಂತೆ ಒಬ್ಬೊಬ್ಬರ ಪಾಲಿನ ಬಲ ಕಡಿಮೆಯಾಯಿತು. ಎಲ್ಲರೂ ಒಂದೇ ಹೊತ್ತಿಗೆ ಎಳೆಯದಿರುವುದು ಒಂದು ಕಾರಣ, ನಾನು ಎಳೆಯದಿದ್ದರೂ ಗೊತ್ತಾಗುವುದಿಲ್ಲ ಅನ್ನುವುದು ಇನ್ನೊಂದು. ಆದ್ದರಿಂದ ನಾಲ್ಕೈದು ಜನರಿಗಿಂತ ದೊಡ್ಡ ಗುಂಪು ಬೇಡ.

ಈಗ ಜಿಗ್ಸಾ ವಿಧಾನ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಮನೋವಿಜ್ಞಾನಿ ಎಲಿಯಟ್ ಅರಾನ್ಸನ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ್ದು. ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿ ಒಂದೇ ತರಗತಿಗೆ ಬಂದು ಜಗಳ ಆಗುತ್ತಿದ್ದ ಕಾಲ ಅದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗುವ ಹಾಗೇ ಇಲ್ಲ.

ನಮ್ಮ ಊರಿನ ವಿಷಯ ಹಾಕಿ ನೋಡೋಣ. ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುವ ಸುರಂಗ. ನಾಲ್ಕು ತುಂಡು ಮಾಡಿ, ಪ್ರತಿ ಗುಂಪಿನಲ್ಲೂ ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಮುರಕಲ್ಲಿನ ಗುಡ್ಡದಲ್ಲಿ ನೀರು ನಿಲ್ಲುವುದು ಹೇಗೆ? ಅಡ್ಡಕ್ಕೆ ಕೊರೆಯುವುದು ಯಾರು, ಯಾವ ಸಲಕರಣೆಯಲ್ಲಿ? ಪಂಪಿಲ್ಲದೆ ನೀರು ತಾನಾಗಿ ಹೊರಗೆ ಹರಿದು ತೋಟಕ್ಕೆ ಸೇರುವುದು ಹೇಗೆ? ಬೋರ್‌ವೆಲ್ ಬಂದ ಮೇಲೆ ಏನಾಯಿತು? ಎಲ್ಲ ಗುಂಪುಗಳಿಂದ ಒಂದನೇ ತುಂಡಿನವರು ಒಂದು ಕಡೆ ಸೇರುತ್ತಾರೆ, ಎರಡನೆಯವರು ಇನ್ನೊಂದು ಕಡೆ. ಇದು ತಜ್ಞರ ಗುಂಪು. ಅಲ್ಲಿ ಓದಿ, ವಾದ ಮಾಡಿ, ಹೇಗೆ ವಿವರಿಸುವುದು ಅಂತ ಗಟ್ಟಿ ಮಾಡಿಕೊಂಡು ಮೂಲ ಗುಂಪಿಗೆ ಮರಳಿ ಕಲಿಸುತ್ತಾರೆ. ಮನೆಯಲ್ಲಿ ಸುರಂಗ ಇರುವ ಹುಡುಗ, ಪರೀಕ್ಷೆಯಲ್ಲಿ ಹಿಂದೆ ಇರುವವನೇ ಇರಬಹುದು, ಅವತ್ತು ಎಲ್ಲರೂ ಅವನ ಬಾಯಿ ನೋಡುತ್ತಾರೆ. ಕೊನೆಯ ಕಿರುಪರೀಕ್ಷೆ ಮಾತ್ರ ಒಬ್ಬೊಬ್ಬರಿಗೇ, ನಾಲ್ಕೂ ತುಂಡಿನ ಮೇಲೆ.

ಮಾರ್ಕಿನ ವಿಷಯಕ್ಕೆ ಅಮೆರಿಕದ ಶಿಕ್ಷಣ ಸಂಶೋಧಕ ರಾಬರ್ಟ್ ಸ್ಲೇವಿನ್ ಅವರ ಸ್ಟಾಡ್ (STAD, ತಂಡವಾಗಿ ಕಲಿತು ಅಂಕ ಗಳಿಸುವ) ವಿಧಾನ ನೆನಪಿಡಿ. ಅಲ್ಲಿ ತಂಡಕ್ಕೆ ಅಂಕ ಬರುವುದು ಪ್ರತಿ ಮಗು ತನ್ನ ಹಿಂದಿನ ಸರಾಸರಿಗಿಂತ ಎಷ್ಟು ಮೇಲೆ ಹೋಯಿತು ಅನ್ನುವುದರ ಮೇಲೆ. ಹನ್ನೆರಡು ತೆಗೆಯುವವಳು ಹದಿನೆಂಟು ತೆಗೆದರೆ ಅವಳೇ ತಂಡಕ್ಕೆ ಆಧಾರ. ಜಾಣರನ್ನು ಮಾತ್ರ ನಮ್ಮ ಗುಂಪಿಗೆ ಕೊಡಿ ಟೀಚರ್ ಅನ್ನುವ ಹಠ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಭಾಷೆಯ ಮಾತೂ ಇದೆ. ನಮ್ಮ ಕನ್ನಡ ಮಾಧ್ಯಮದ ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವ ಮಕ್ಕಳು ಒಟ್ಟಿಗಿರುತ್ತಾರೆ. ಗುಂಪಿನೊಳಗೆ ಅವರು ತುಳುವಿನಲ್ಲೇ ಚರ್ಚಿಸಲಿ ಬಿಡಿ, ಹೊರಗೆ ಮಂಡಿಸುವಾಗ ಕನ್ನಡ ಸಾಕು. ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ಹೇಳುವ ಸಮೀಪಸ್ಥ ವಿಕಾಸ ವಲಯ ಇಲ್ಲೇ ಕೆಲಸ ಮಾಡುವುದು. ಒಬ್ಬನೇ ಮಾಡಲಾಗದ್ದನ್ನು ಸ್ವಲ್ಪ ಹೆಚ್ಚು ತಿಳಿದ ಗೆಳತಿಯ ಜತೆ ಮಾಡುತ್ತಾನೆ, ಅವಳ ಮಾತು ಅವನಿಗೆ ಅರ್ಥವಾಗಬೇಕಲ್ವಾ?

ಟೀಚರ್ ಏನು ಮಾಡಬೇಕು? ಓಡಾಡಬೇಕು, ಕೇಳಿಸಿಕೊಳ್ಳಬೇಕು, ಉತ್ತರ ಕೊಡುವ ಆತುರ ತಡೆಯಬೇಕು. ಮೊದಲು ಮೂವರನ್ನು ಕೇಳು, ಆಮೇಲೆ ನನ್ನನ್ನು ಕೇಳು ಅನ್ನುವ ನಿಯಮ ಚೆನ್ನಾಗಿ ನಡೆಯುತ್ತದೆ. ಪೀರಿಯಡ್ ಮುಗಿಯುವ ಮೊದಲು ಐದು ನಿಮಿಷ ಅವಲೋಕನಕ್ಕೆ ಇಡಿ: ಇವತ್ತು ಯಾರ ವಿವರಣೆಯಿಂದ ಗೊತ್ತಾಯಿತು, ನಾಳೆ ಏನು ಬದಲಿಸೋಣ. ಇದನ್ನೇ ಎಲ್ಲರೂ ಮೊದಲು ಕೈಬಿಡುವುದು, ಬೆಲ್ ಆಯಿತು ಅಂತ.

ಇನ್ನೊಂದು, ಪಾಠ ಯೋಜನೆಯ ವೈವಾದಲ್ಲಿ ಕೇಳಬಹುದಾದ ಪ್ರಶ್ನೆ: ತಜ್ಞನೇ ರಜೆ ಹಾಕಿದರೆ? ಮಳೆಗಾಲದಲ್ಲಿ ಇದು ಇದ್ದದ್ದೇ. ನಾಲ್ಕು ತುಂಡಿಗೆ ಐವರ ಗುಂಪು ಮಾಡಿ, ಕಷ್ಟದ ತುಂಡನ್ನು ಇಬ್ಬರಿಗೆ ಕೊಡಿ. ಹಾಗೂ ತುಂಡು ಖಾಲಿ ಬಿದ್ದರೆ ಆ ಹೊತ್ತಿಗೆ ಪಕ್ಕದ ಗುಂಪಿನ ತಜ್ಞೆಯನ್ನು ಕಡ ತನ್ನಿ.