ತಿದ್ದದೆ ಹಂಚಿದರೂ ಸೋರ್ಸ್ ಕೋಡ್ ಕೊಡಬೇಕೇ?

ಪ್ರಶ್ನೆ: ಲಿನಕ್ಸ್, ಲಿಬ್ರೆಆಫೀಸ್, ಜಿಂಪ್ ಎಂಬ ಮುಕ್ತ ತಂತ್ರಾಂಶಗಳನ್ನು ಮತ್ತು ಕೆಲವು ಕನ್ನಡ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿ ಶಾಲೆಗಳಿಗೆ ಉಚಿತವಾಗಿ ಹಂಚುತ್ತಿದ್ದೇವೆ. ಯಾವುದನ್ನೂ ತಿದ್ದಿಲ್ಲ. ಲೈಸೆನ್ಸಿನ ಹೊಣೆ ನಮಗೂ ಇದೆಯೇ?

ಉತ್ತರ: ಇದೆ. ಒಂದೇ ಪೆನ್‌ಡ್ರೈವ್‌ನಲ್ಲಿ ಸೇರಿದ ಮಾತ್ರಕ್ಕೆ ಎಲ್ಲಕ್ಕೂ ಒಂದೇ ಲೈಸೆನ್ಸ್ ಅನ್ವಯಿಸುವುದಿಲ್ಲ. ಪ್ರತಿಯೊಂದು ತಂತ್ರಾಂಶವೂ ತನ್ನ ಷರತ್ತನ್ನು ತಾನೇ ಹೊತ್ತು ಬರುತ್ತದೆ. ಎಂಐಟಿ, ಬಿಎಸ್‌ಡಿ ಬಗೆಯ ಸಡಿಲ ಲೈಸೆನ್ಸುಗಳಿಗೆ ಹಕ್ಕುಸ್ವಾಮ್ಯದ ಸೂಚನೆಯನ್ನೂ ಲೈಸೆನ್ಸಿನ ಪಠ್ಯವನ್ನೂ ಜೊತೆಗಿಟ್ಟರೆ ಸಾಕು. ಲಿಬ್ರೆಆಫೀಸಿನ ಲೈಸೆನ್ಸಾದ ಎಂಪಿಎಲ್ (ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್), ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯವನ್ನು, ಎಲ್ಲಿಂದ ಪಡೆಯಬಹುದೆಂದು ತಿಳಿಸಲು ಹೇಳುತ್ತದೆ. ಜನ ಎಡವುವುದು ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬುದರಲ್ಲಿ, ಅಂದರೆ ಆ ಲೈಸೆನ್ಸಿನ ಲಿನಕ್ಸ್ ಕರ್ನೆಲ್ (ಲಿನಕ್ಸಿನ ತಿರುಳು) ಮತ್ತು ಜಿಂಪ್‌ಗಳಂಥವುಗಳಲ್ಲಿ.

"ತಿದ್ದಿದವನು ಮಾತ್ರ ಸೋರ್ಸ್ ಕೋಡ್ ಕೊಡಬೇಕು" ಎಂಬ ನಂಬಿಕೆಯನ್ನು ಎಷ್ಟು ಬಾರಿ ಅಲ್ಲಗಳೆದರೂ ಅದು ಮತ್ತೆ ಚಿಗುರುತ್ತದೆ. ದಯವಿಟ್ಟು ಲೈಸೆನ್ಸನ್ನೇ ತೆರೆದು ಓದಿ. 1991ರ ಜಿಪಿಎಲ್ ಎರಡನೆಯ ಆವೃತ್ತಿಯ ಮೂರನೆಯ ಕಲಮು, ಮೂಲ ಪ್ರೋಗ್ರಾಮನ್ನೇ ಆಗಲಿ ಅದನ್ನು ಆಧರಿಸಿದ್ದನ್ನೇ ಆಗಲಿ ಬೈನರಿ ರೂಪದಲ್ಲಿ (ಕಂಪ್ಯೂಟರ್ ನೇರವಾಗಿ ನಡೆಸುವ ರೂಪದಲ್ಲಿ) ಹಂಚುವ ಎಲ್ಲರಿಗೂ ಒಂದೇ ಷರತ್ತನ್ನು ವಿಧಿಸುತ್ತದೆ: ಸೋರ್ಸ್ ಕೋಡನ್ನು ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದ ಯಾರಿಗಾದರೂ ಪ್ರತಿ ತಲುಪಿಸುವ ಖರ್ಚಿಗಿಂತ ಹೆಚ್ಚು ಪಡೆಯದೆ ಕೊಡುವೆವೆಂಬ, ಕನಿಷ್ಠ 3 ವರ್ಷ ಬಾಳುವ ಲಿಖಿತ ಭರವಸೆಯನ್ನು ನೀಡಬೇಕು. ಲಾಭವಿಲ್ಲದೆ ಹಂಚುವವರು ತಮಗೆ ಬಂದ ಭರವಸೆಯನ್ನೇ ಮುಂದೆ ದಾಟಿಸಬಹುದು ನಿಜ; ಆದರೆ ಇಂಟರ್‌ನೆಟ್‌ನಿಂದ ಇಳಿಸಿಕೊಂಡವರಿಗೆ ಸಾಮಾನ್ಯವಾಗಿ ಅಂಥ ಭರವಸೆಯೇ ಬಂದಿರುವುದಿಲ್ಲ.

"ಸೋರ್ಸ್ ಕೋಡ್ ಮೂಲ ತಾಣದಲ್ಲಿ ಇದ್ದೇ ಇದೆಯಲ್ಲ" ಎಂಬುದು ಇದೇ ನಂಬಿಕೆಯ ಇನ್ನೊಂದು ಮುಖ. ಡೆಬಿಯನ್ ಕುಟುಂಬದ ಮೆಪಿಸ್ ಎಂಬ ಲಿನಕ್ಸ್ ಹಂಚಿಕೆಯೂ (ಲಿನಕ್ಸನ್ನು ಇತರ ತಂತ್ರಾಂಶಗಳೊಂದಿಗೆ ಜೋಡಿಸಿ ಕೊಡುವ ಆಪರೇಟಿಂಗ್ ಸಿಸ್ಟಂ) ಹೀಗೆಯೇ ನಂಬಿತ್ತು. 2006ರಲ್ಲಿ, ಜಿಪಿಎಲ್‌ನ ಕರ್ತೃ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ತಿದ್ದದ ಪ್ಯಾಕೇಜುಗಳ ಸೋರ್ಸ್ ಕೋಡ್ ಒದಗಿಸುವ ಹೊಣೆಯೂ ಹಂಚಿದವರದೇ ಎಂದು ಅದಕ್ಕೆ ತಿಳಿಸಿತು. ಇದು ಬರಿಯ ಕಾನೂನಿನ ಹಟವಲ್ಲ. ಮೂಲ ತಾಣ ಹೊಸ ಆವೃತ್ತಿಗೆ ಸಾಗಿ ಹಳೆಯದನ್ನು ತೆಗೆದುಹಾಕಿದ ದಿನ, ನಿಮ್ಮ ಪೆನ್‌ಡ್ರೈವ್‌ನಲ್ಲಿರುವ ಆವೃತ್ತಿಯ ಒಳಗನ್ನು ನೋಡಬಯಸುವ ವಿದ್ಯಾರ್ಥಿ ಯಾರನ್ನು ಕೇಳಬೇಕು? ಆದ್ದರಿಂದ ನನ್ನ ಸಲಹೆಯೆಂದರೆ, ಬೈನರಿಗಳನ್ನು ಜೋಡಿಸುವ ದಿನವೇ ಅದೇ ಆವೃತ್ತಿಯ ಸೋರ್ಸ್ ಪ್ಯಾಕೇಜುಗಳನ್ನೂ ಇಳಿಸಿ ಅದೇ ಪೆನ್‌ಡ್ರೈವ್‌ಗೆ ಹಾಕಿ. ಆಗ 3 ವರ್ಷದ ಭರವಸೆಯನ್ನು ಹೊರಬೇಕಾಗಿಲ್ಲ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕಿದೆ, ಏಕೆಂದರೆ ಕನ್ನಡದ ಕೆಲಸದಲ್ಲಿ ಇದು ಬೇಗ ಎದುರಾಗುತ್ತದೆ. ಮುಕ್ತ ಕನ್ನಡ ಫಾಂಟ್‌ಗಳಲ್ಲಿ ಅನೇಕವು ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಅವನ್ನು ತಂತ್ರಾಂಶದೊಂದಿಗೆ ಸೇರಿಸಿ ಮಾರಲೂಬಹುದು, ಆದರೆ ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಅದರಿಂದ ಮುದ್ರಿಸಿದ ಪುಸ್ತಕಕ್ಕೆ ಯಾವ ಷರತ್ತೂ ಅಂಟುವುದಿಲ್ಲ. ನಾಳೆ ಯಾರಾದರೂ ಒಂದು ಒತ್ತಕ್ಷರದ ಆಕಾರ ಸರಿಯಿಲ್ಲವೆಂದು ತಿದ್ದಿದರೆ, ಫಾಂಟಿನ ಕರ್ತೃ ಹೆಸರನ್ನು ಕಾಯ್ದಿರಿಸಿದ್ದಾರೆಯೇ ಎಂಬುದನ್ನು ಲೈಸೆನ್ಸ್ ಕಡತದ ಮೊದಲ ಸಾಲುಗಳಲ್ಲಿ ನೋಡಬೇಕು. ಕಾಯ್ದಿರಿಸಿದ್ದರೆ, ಅವರ ಲಿಖಿತ ಅನುಮತಿ ಸಿಗುವವರೆಗೆ ತಿದ್ದಿದ ಫಾಂಟನ್ನು ಬೇರೆ ಹೆಸರಿನಲ್ಲಿಯೇ ಹಂಚಬೇಕು.