ರೆಫ್ರಿಜರೆಂಟ್: ಎಸಿಯ ‘ಗ್ಯಾಸ್’ ಖರ್ಚಾಗುವ ವಸ್ತುವಲ್ಲ

“ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು.” ಏಪ್ರಿಲ್ ಸೆಖೆ ಶುರುವಾದರೆ ಕಾರವಾರದ ಎಸಿ ಇರುವ ಮನೆಗಳಲ್ಲಿ ಈ ಮಾತು ಕೇಳುತ್ತದೆ. ಕೋಡಿಬಾಗದ ನಮ್ಮ ಮನೆಯಲ್ಲೂ ಆಯಿಯ ಕೋಣೆಯ ಎಸಿಗೆ ಮೂರು ಬೇಸಿಗೆ ಹೀಗೇ ತುಂಬಿಸಿದೆವು. ಅಡುಗೆ ಸಿಲಿಂಡರ್ ಥರ ಇದೂ ಉರಿದು ಮುಗಿಯುತ್ತದೆ ಅಂತ ನಾನು ನಂಬಿದ್ದೆ. ‘ಗ್ಯಾಸ್’ ಅನ್ನುವ ಹೆಸರೇ ಹಾಗೆ ಅನಿಸುವಂತೆ ಮಾಡುತ್ತದೆ, ಅಲ್ವಾ?

ಅದರ ಸರಿಯಾದ ಹೆಸರು ರೆಫ್ರಿಜರೆಂಟ್. ಕನ್ನಡದಲ್ಲಿ ಶೀತಕ ಅನ್ನುತ್ತಾರೆ. ಬೆವರು ಆರುವಾಗ ಮೈಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದೇ ಕಷ್ಟ. ಬೆವರಿನ ಆ ಕೆಲಸವನ್ನೇ ಎಸಿಯೊಳಗೆ ರೆಫ್ರಿಜರೆಂಟ್ ಮಾಡುತ್ತದೆ. ಕೋಣೆಯೊಳಗಿನ ಕಾಯಿಲ್‌ನಲ್ಲಿ ದ್ರವದಿಂದ ಆವಿಯಾಗುತ್ತಾ ಬಿಸಿ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಯೂನಿಟ್‌ನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಬಿಸಿ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಅದೇ ಗ್ಯಾಸ್, ಅದೇ ಪೈಪಿನೊಳಗೆ, ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ಹೀಗೆ ಸೋರಿದ ಗ್ಯಾಸ್ ಗಾಳಿಗೆ ಸೇರುತ್ತದೆ. ಸರ್ಕಾರಗಳು ಕಾನೂನು ಮಾಡಿದ್ದು ಇದಕ್ಕಾಗಿಯೇ.

ಹಳೆಯ ಎಸಿಗಳಲ್ಲಿ ಇದ್ದದ್ದು ಆರ್-22 ಅನ್ನುವ ಗ್ಯಾಸ್. ಅದರಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದಡಿ ಇಂಥ ಗ್ಯಾಸ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದರು. ನಮ್ಮ ದೇಶದಲ್ಲಿ 2025ರ ಜನವರಿ 1ರಿಂದ ಹೊಸ ಎಸಿ ತಯಾರಿಸಲು ಆರ್-22 ಬಳಸುವಂತಿಲ್ಲ. ಅದರ ಬದಲಿಗೆ ಬಂದ ಆರ್-410ಎ ಓಝೋನ್‌ಗೆ ತೊಂದರೆ ಕೊಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಆರ್-22ಕ್ಕಿಂತಲೂ ಒಂದು ಕೈ ಮೇಲೆ. ಒಂದು ಕೆಜಿ ಸೋರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 2,000 ಕೆಜಿ ಇಂಗಾಲದ ಡೈ ಆಕ್ಸೈಡ್ ಬಿಟ್ಟಷ್ಟು ಪರಿಣಾಮ. ಈಗಿನ ಆರ್-32ಕ್ಕೆ ಈ ಲೆಕ್ಕ ಸುಮಾರು 675. ಕೆಲವು ಎಸಿಗಳಲ್ಲಿರುವ ಆರ್-290, ಅಂದರೆ ಪ್ರೋಪೇನ್, ಬರೀ ಒಂದಂಕಿಯಲ್ಲಿದೆ. ಆದರೆ ಅದು ಚೆನ್ನಾಗಿ ಉರಿಯುವ ಗ್ಯಾಸ್. ಆರ್-32 ಕೂಡ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯಬಲ್ಲದು.

ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಕಿಗಾಲಿ ತಿದ್ದುಪಡಿ ಬಂದದ್ದು ಆರ್-410ಎ, ಆರ್-32 ಥರದ ಗ್ಯಾಸ್‌ಗಳ ಬಳಕೆ ಇಳಿಸಲು. ಭಾರತ 2021ರಲ್ಲಿ ಅದನ್ನು ಒಪ್ಪಿಕೊಂಡಿತು. ನಮ್ಮಲ್ಲಿ ಇಳಿಕೆ ಶುರುವಾಗುವುದು 2032ರಲ್ಲಿ, ಶೇಕಡಾ 10ರಿಂದ. 2047ಕ್ಕೆ ಶೇಕಡಾ 85 ಇಳಿಯಬೇಕು.

ಹಾಗಾದರೆ ಮನೆಯ ಹಳೇ ಎಸಿ ಎಸೆಯಬೇಕಾ? ಬೇಡ. ಈ ನಿಯಮಗಳು ತಯಾರಕರಿಗೆ. ಓಡುತ್ತಿರುವ ಯಂತ್ರವನ್ನು ಯಾರೂ ನಿಲ್ಲಿಸಲು ಹೇಳಿಲ್ಲ. ರಿಪೇರಿಗೆ ಬೇಕಾದ ಆರ್-22 ಸದ್ಯಕ್ಕೆ ಸಿಗುತ್ತದೆ. ಆದರೆ ಅದರ ಪ್ರಮಾಣ 2030ರ ಹೊತ್ತಿಗೆ ತೀರಾ ಕಡಿಮೆಯಾಗಲಿದೆ. ಸಿಗುವುದು ಕಡಿಮೆಯಾದಂತೆ ರೇಟು ಏರುವುದು ಸಹಜ. ವರ್ಷವರ್ಷವೂ ಸುಮ್ನೆ ತುಂಬಿಸುವವರಿಗೆ ಬಿಸಿ ತಟ್ಟುವುದು ಇಲ್ಲಿಯೇ.

ನಮ್ಮ ಕಡೆ ಸೋರಿಕೆ ಜಾಸ್ತಿಯಾಗಲು ಕಡಲಿನ ಉಪ್ಪು ಗಾಳಿಯೇ ದೊಡ್ಡ ಕಾರಣ. ಬೈತಖೋಲ, ಅಂಕೋಲಾ, ಹೊನ್ನಾವರ, ಎಲ್ಲಿಯಾದರೂ ಕಡಲಿಗೆ ಮುಖ ಮಾಡಿದ ಹೊರಗಿನ ಯೂನಿಟ್ ಒಂದನ್ನು ನೋಡಿ. ಅಲ್ಯುಮಿನಿಯಂ ಹಾಳೆಗಳು ಪುಡಿಪುಡಿಯಾಗಿ ಉದುರುತ್ತಿರುತ್ತವೆ. ಅಲ್ಲಿಂದ ತೊಂದರೆ ಪೈಪಿಗೂ, ಬೆಸುಗೆಗೂ ಮುಟ್ಟುತ್ತದೆ. ಘಟ್ಟದ ಮೇಲಿನ ಶಿರಸಿಯಲ್ಲಿ ಈ ಉಪ್ಪಿನ ಕಾಟವಿಲ್ಲ. ಕರೆಂಟ್ ಸ್ವಿಚ್ ಪೂರ್ತಿ ಬಂದ್ ಮಾಡಿಸಿ, ಆಗಾಗ ಹೊರಗಿನ ಯೂನಿಟ್ಟಿನ ಕಾಯಿಲನ್ನು ಸಿಹಿನೀರಿನಿಂದ ಮೆಲ್ಲಗೆ ತೊಳೆಸಿದರೆ ಬಾಳಿಕೆ ಹೆಚ್ಚುತ್ತದೆ. ಹೊಸದು ಕೊಳ್ಳುವಾಗ ಕಾಯಿಲ್‌ಗೆ ಉಪ್ಪು ತಡೆಯುವ ಲೇಪನ ಇದೆಯಾ ಅಂತ ಕೇಳಲೇಬೇಕು.

ನಾಲ್ಕನೇ ವರ್ಷ ಬಂದ ಮೆಕ್ಯಾನಿಕ್ ತುಂಬಿಸುವ ಮೊದಲು ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿದರು. ಒಂದು ನಟ್ಟಿನ ಹತ್ತಿರ ಗುಳ್ಳೆ ಎದ್ದಿತು. ಅದನ್ನು ಸರಿ ಮಾಡಿ, ಪೈಪಿನೊಳಗಿನ ಗಾಳಿ, ತೇವ ಹೊರಗೆಳೆದು, ತೂಕ ನೋಡಿ ಗ್ಯಾಸ್ ಹಾಕಿದರು. ಆಮೇಲೆ ಇವತ್ತಿನವರೆಗೂ ತುಂಬಿಸಿಲ್ಲ. ನೀವೂ ಕೇಳಬೇಕಾದದ್ದು ಅದನ್ನೇ: “ಮೊದಲು ಲೀಕ್ ಹುಡುಕಿ.”

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊರಗಿನ ಯೂನಿಟ್ಟಿನ ಪಕ್ಕದ ಪಟ್ಟಿಯಲ್ಲಿ ಯಾವ ಗ್ಯಾಸ್, ಎಷ್ಟು ತೂಕ ಅಂತ ಬರೆದಿರುತ್ತದೆ. ಅದನ್ನು ಬಿಟ್ಟು ಬೇರೆ ಯಾವುದನ್ನೂ ಹಾಕಿಸಬೇಡಿ. ಆರ್-32ರ ಒತ್ತಡ ಆರ್-22ರ ಸುಮಾರು ಒಂದೂವರೆ ಪಟ್ಟು. ಹಳೇ ಯಂತ್ರ ಅದನ್ನು ತಡೆಯುವಂತೆ ಮಾಡಿದ್ದಲ್ಲ, ಅದಕ್ಕೆ ಬೇಕಾದ ಕಂಪ್ರೆಸರ್ ಎಣ್ಣೆಯೂ ಬೇರೆ. ಅಗ್ಗವಾಗುತ್ತದೆ ಅಂತ ಪ್ರೋಪೇನ್ ತುಂಬಿಸಿದರಂತೂ, ಬೆಂಕಿಯ ಲೆಕ್ಕ ಹಾಕದೆ ಮಾಡಿದ ಯಂತ್ರದೊಳಗೆ ಉರಿಯುವ ಗ್ಯಾಸ್ ಇಟ್ಟುಕೊಂಡು ಮಲಗಿದಂತೆ.

ಹಳೇ ಎಸಿಯನ್ನು ಗುಜರಿಗೆ ಕೊಡುವ ದಿನವೂ ಗ್ಯಾಸ್‌ನ ನೆನಪಿರಲಿ. ತಾಮ್ರದ ಆಸೆಗೆ ಪೈಪ್ ಕತ್ತರಿಸಿದ ಕ್ಷಣವೇ ಒಳಗಿದ್ದದ್ದೆಲ್ಲ ಗಾಳಿಗೆ ಹೋಗುತ್ತದೆ. ಅದಕ್ಕೂ ಮೊದಲೇ ಮೆಕ್ಯಾನಿಕ್ ಕರೆಸಿ, ಗ್ಯಾಸನ್ನು ಖಾಲಿ ಸಿಲಿಂಡರ್‌ಗೆ ಎಳೆಸಿ ಅಂತ ಕೇಳಿ. ಅದಕ್ಕೆ ಬೇರೆಯದೇ ಮೆಷಿನ್ ಇದೆ. ಹಾಗೆ ತೆಗೆದ ಗ್ಯಾಸನ್ನು ಶುದ್ಧ ಮಾಡಿ ಇನ್ನೊಂದು ಹಳೇ ಎಸಿಗೆ ಬಳಸಬಹುದು.